ನಮ್ಮತ್ತೆಯ ಬಾಣಂತನ

ನಾನು ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದಾಗ ಆ ಮನೆಯ ನಿಜವಾದ ಯಜಮಾನಿಕೆ ನಮ್ಮತ್ತೆಯ ಮೊಣಕಾಲುಗಳ ಕೈಯಲ್ಲಿತ್ತು. ಸಂತೆಗೆ ಹೋಗುವುದೋ ಬಿಡುವುದೋ, ಶಾವಿಗೆ ಹೊಸೆಯುವುದೋ ಬಿಡುವುದೋ, ಎಲ್ಲ ಅವೇ ತೀರ್ಮಾನಿಸುತ್ತಿದ್ದವು. ಮಾವನವರು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದವರೇ ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು. "ಏನಂತಾವ ಇವತ್ತ?" ಎಂದು ಕೇಳುತ್ತಿದ್ದರು. "ಬಲಗಡಿದು ಸುಮ್ಮನೈತಿ, ಎಡಗಡಿದು ಸಿಟ್ಟಿಗೆದ್ದೈತಿ" ಎಂದು ಅತ್ತೆ ಹೇಳಿದರೆ ಅವತ್ತು ಮನೆಮಂದಿಯೆಲ್ಲ ಎಡಗಡೆಯದರ ಮರ್ಜಿ ಹಿಡಿದು ನಡೆಯಬೇಕಿತ್ತು.

ಉಪಚಾರಕ್ಕೇನೂ ಕೊರತೆಯಿರಲಿಲ್ಲ. ಎಕ್ಕಿ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬಿಸಿ ಮಾಡಿ ಕಟ್ಟಿದ್ದಾಯಿತು. ಲಕ್ಕಿ ಸೊಪ್ಪು ಕುದಿಸಿದ ನೀರು ಹೊಯ್ದದ್ದಾಯಿತು. ಹಾಲಿನಲ್ಲಿ ಬೆಳ್ಳುಳ್ಳಿ ಬೇಯಿಸಿ ಕುಡಿದದ್ದಾಯಿತು, ಆ ವಾಸನೆಗೆ ಮಾವನವರು ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಹೋದದ್ದೂ ಆಯಿತು. ಅಗಸಿ ಚಟ್ನಿ ಅಂದರೆ ಅಗಸಿ ಚಟ್ನಿ, ನುಗ್ಗಿ ಸೊಪ್ಪು ಅಂದರೆ ನುಗ್ಗಿ ಸೊಪ್ಪು, ನೆನೆಸಿದ ಮೆಂತ್ಯ ಅಂದರೆ ಅದೂ ಸರಿ. ದಾರಿಯಲ್ಲಿ ಹೋಗುವವರು ಏನು ಹೇಳಿದರೂ ಅತ್ತೆ ತಿನ್ನುವವರೇ. ಒಮ್ಮೆ ದವಾಖಾನೆಗೂ ಕರೆದೊಯ್ದಿದ್ದೆವು. ಅಲ್ಲಿಯ ಡಾಕ್ಟರು ಮೊಣಕಾಲು ಮಡಿಸಿ ಬಿಚ್ಚಿ ನೋಡಿ, "ಕೀಲು ಸವದಾವ ಯವ್ವಾ. ಗಾಡಿ ಅಚ್ಚು ಸವಿಯೂದಿಲ್ಲೇನು, ಹಂಗ. ಸ್ವಲ್ಪ ಮೈ ಭಾರ ಇಳಸ್ರಿ, ಕಾಲಿಗಿ ಹಗರ ಆಕೈತಿ" ಎಂದರು. ನಾಲ್ಕು ಮಂದಿಯ ಮುಂದೆ ತನಗೆ ದಪ್ಪ ಅಂದ ಅಂತ ಅತ್ತೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರಿಗೆ ಬೇಕಾದದ್ದು ಔಷಧ, ಉಪದೇಶವಲ್ಲ. ಅದರಲ್ಲೂ ಬಾಯಿಗೆ ರುಚಿಯಿರುವ ಔಷಧ.

ಮೊಣಕಾಲಿನ ದರ್ಬಾರು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು, ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬಾಣಂತನ ಅಂದರೆ ನಮ್ಮತ್ತೆಯ ಪಾಲಿಗೆ ಒಂದೇ ಕೆಲಸ, ಕೂಸಿಗೆ ಎರೆಯುವುದು. ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಹಾಕಿಕೊಂಡು, ಎಣ್ಣೆ ತಿಕ್ಕಿ, ಮೂಗು ನೀವಿ, ತಲೆ ದುಂಡಗೆ ಮಾಡಿ ಬಿಸಿನೀರು ಹೊಯ್ಯುವ ಆ ಕೆಲಸದಲ್ಲಿ ಅವರದು ಓಣಿಗೇ ದೊಡ್ಡ ಹೆಸರು. ಓಣಿಯ ಅರ್ಧ ಮೂಗುಗಳು ತನ್ನ ಕೈಯಲ್ಲೇ ನೆಟ್ಟಗಾದವು ಎಂದು ಹೇಳಿಕೊಳ್ಳುತ್ತಿದ್ದರು. ಚಪ್ಪಟೆ ಮೂಗಿನವರು ಎದುರು ಬಂದರೆ "ಇದು ನಂದಲ್ಲ" ಎಂದು ನನ್ನ ಕಿವಿಯಲ್ಲಿ ಉಸುರುತ್ತಿದ್ದರು. ಊರಿನವರ ಮೂಗು ತಿದ್ದಿದ ಕೈಗೆ ಸ್ವಂತ ಮೊಮ್ಮಗುವಿನ ಮೂಗು ಸಿಗದಿದ್ದರೆ ಹೇಗೆ? ಆದರೆ ಮೊಣಕಾಲು ನೆಲಕ್ಕೆ ಕೂರಲು ಬಿಡುತ್ತಿರಲಿಲ್ಲ. ಊಟಕ್ಕೂ ಮಲಗುವ ಹೊರಸಿನ ತುದಿಯೇ ಗತಿಯಾಗಿತ್ತು.

ಈ ಸುದ್ದಿ ಮುದ್ದೇಬಿಹಾಳಕ್ಕೂ ಮುಟ್ಟಿತ್ತು. ಒಂದು ದಿನ ಅಳಿಯಂದಿರು ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು, ಜೋಳದ ಮಾತಾಡಿದರು, ಕೊನೆಗೆ ನೆಲ ನೋಡುತ್ತ ಬಾಯಿ ಬಿಟ್ಟರು.

"ನಮ್ಮವ್ವ ಅಂತಾಳ್ರಿ, ಅತ್ತಿಯವರಿಗಿ ನೆಲಕ್ಕ ಕುಂದ್ರಾಕ ಬರೂದಿಲ್ಲಲ್ಲ, ಕೂಸಿಗಿ ಯಾರು ಎರೀತಾರ ಅಂತ. ಬಾಣಂತನ ನಮ್ಮಲ್ಲೇ ಆಗ್ಲಿ ಅಂತಾಳ. ಇಲ್ಲಂದ್ರ ಬಸುರಿಗಿ ಕುಬಸ ಆದಮ್ಯಾಲ ತಾನೇ ಸೊಸಿನ್ನ ಕರಕೊಂಡ ಬರ್ತಾಳಂತ್ರಿ. ಬೀಗತಿ ನೆಲಕ್ಕ ಕುಂತು ಕಾಲು ಚಾಚಿದ್ದು ಕಣ್ಣಿಲೆ ನೋಡಿದ್ರ ಬಿಟ್ಟು ಬರ್ತೇನಿ ಅಂದಾಳ್ರಿ."

ಹೆಣ್ಣು ನೋಡುವ ಶಾಸ್ತ್ರ ಕೇಳಿದ್ದೆ, ಮೊಣಕಾಲು ನೋಡುವ ಶಾಸ್ತ್ರ ಅವತ್ತೇ ಮೊದಲು ಕೇಳಿದ್ದು. ಅತ್ತೆ ಸೆರಗು ಸರಿಮಾಡಿಕೊಂಡು, "ಬರ್ಲಿ. ಕುಂತ ತೋರಸ್ತೇನಿ" ಎಂದರು. ಅಳಿಯಂದಿರು ಹೋದ ಮೇಲೆ ಗೋಡೆ ಕಡೆ ಮುಖ ಮಾಡಿ ಅತ್ತರು. ಬೈಯುವ ಅತ್ತೆಯನ್ನು ನೋಡಿದ್ದೆ, ಅಳುವ ಅತ್ತೆಯನ್ನು ನೋಡಿರಲಿಲ್ಲ.

ನನ್ನ ತವರು ಇಂಡಿ ತಾಲೂಕಿನ ಹೊರ್ತಿ. ನಾದಿನಿಯ ಬಾಣಂತನಕ್ಕೆಂದು ನಮ್ಮವ್ವ ಹೊಲದ ಬದುವಿನ ಜಾಲಿ ಗಿಡದಿಂದ ಬಿಡಿಸಿದ ಅಂಟನ್ನು ಡಬ್ಬಿ ತುಂಬ ಕಳಿಸಿಕೊಟ್ಟಿದ್ದಳು. ನಮ್ಮ ಕಡೆ ಬಾಣಂತಿಗೆ ಅಂಟಿನುಂಡಿ ಕೊಡುವುದು ಎಲ್ಲರಿಗೂ ಗೊತ್ತು. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ಮೆಂತ್ಯ, ಶುಂಠಿ, ಬೆಲ್ಲ ಸೇರಿಸಿ ಕಟ್ಟಿದ ಉಂಡಿ. ಹೆತ್ತವಳ ಸೊಂಟ, ಕೀಲು ಗಟ್ಟಿಯಾಗಲಿ ಅಂತ. ಅತ್ತೆ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಹೊತ್ತು ಯೋಚಿಸಿದರು. ಆಮೇಲೆ ನನ್ನನ್ನು ಕರೆದರು.

"ಅಂಟಿನುಂಡಿ ಬಾಣಂತಿ ಕೀಲಿಗಿ ಹತ್ತತೈತೋ ಇಲ್ಲೋ?"

"ಹತ್ತತೈತ್ರಿ."

"ಮತ್ತ ನನ್ನ ಕೀಲಿಗಿ ಯಾಕ ಹತ್ತೂದಿಲ್ಲ?"

"ತಿನ್ರಿ ಅತ್ತಿ. ಯಾರ ಬ್ಯಾಡಂದ್ರು?"

"ಹಂಗ ತಿಂದ್ರ ಹತ್ತೂದಿಲ್ಲ ಹುಚ್ಚಿ. ಹಡದಾಕಿದು ಮೈಯಾಗಿನ ಕೀಲೆಲ್ಲ ಬಿಚ್ಚಿರ್ತಾವ. ಅದಕ್ಕ ಅಂಟು ಒಳಗ ಹೋಗಿ ಕುಂದರತೈತಿ. ನನ್ನ ಕೀಲು ಮುಚ್ಚಿಕೊಂಡ ಕುಂತಾವ. ಅವನ್ನ ಬಿಚ್ಚಬೇಕಂದ್ರ ಬಾಣಂತಿಗಿ ಏನೇನ ಮಾಡ್ತಾರ, ಎಲ್ಲಾ ನನಗ ಮಾಡಬೇಕು. ಕೆಂಡದ ಕಾವು, ಎಣ್ಣಿ, ಬಿಸಿನೀರ, ಧೂಪ. ಪದ್ಧತಿ ಅಂದಮ್ಯಾಲ ಪೂರಾ ಪದ್ಧತಿ."

ಇಂಥ ತರ್ಕಕ್ಕೆ ಉತ್ತರ ಕೊಡುವಷ್ಟು ಓದು ನನಗಿರಲಿಲ್ಲ. ಈಗಲೂ ಇಲ್ಲ. ಮಾವನವರನ್ನು ಅತ್ತಾರ ಸಾಬರ ಅಂಗಡಿಗೆ ಓಡಿಸಿದರು. ಬೇರು ನಾರು, ಊದು ಲೋಬಾನ ಎಲ್ಲ ಸಿಗುವ ಅಂಗಡಿ ಅದು. ಮಾವನವರು ಹೆಂಗಸರ ಸಾಮಾನು ಕೇಳಲು ನಾಚಿ, ಗಿರಾಕಿಗಳೆಲ್ಲ ಹೋಗಲಿ ಅಂತ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರಂತೆ. ಗಿರಾಕಿಗಳು ಮುಗಿಯಲೇ ಇಲ್ಲ. ಕೊನೆಗೆ ಎಲ್ಲರ ಮುಂದೆಯೇ ಅಳವಿ ಬೀಜ, ಶುಂಠಿ, ಅಶ್ವಗಂಧಿ, ಲೋಬಾನ ಎಂದು ಪಿಸುಗುಟ್ಟಿದರು.

"ಬಾಣಂತಿ ಸಾಮಾನಲ್ಲೇನ್ರಿ ಯಜಮಾನ್ರ! ಯಾರು ಹಡದಾರ?" ಸಾಬರು ಕೇಳಿದರು.

ಮಾವನವರು ಸುಳ್ಳು ಹೇಳುವವರಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ. "ಮನ್ಯಾಗ" ಅಂದುಬಿಟ್ಟರು. ಗಂಡಸು ಮನ್ಯಾಗ ಅಂದರೆ ಹೆಂಡತಿ ಅಂತಲೇ ಅರ್ಥ. ಸಾಬರು ಎದ್ದು ನಿಂತು, ಎರಡೂ ಕೈ ಹಿಡಿದು, ದೇವರ ದಯೆಗೆ ವಯಸ್ಸಿನ ಹಂಗಿಲ್ಲ ಎಂದು ಹೇಳಿ, ಒಂದು ಹಿಡಿ ಕಲ್ಲುಸಕ್ಕರೆ ಪುಕ್ಕಟೆ ಕಟ್ಟಿಕೊಟ್ಟರು. ಮಾವನವರು ಅದನ್ನು ಬಾಯಲ್ಲಿ ಹಾಕಿಕೊಂಡೇ ಮನೆಗೆ ಬಂದರು, ಮುಖ ಮಾತ್ರ ಹಾಗಲಕಾಯಿ ತಿಂದವರ ಹಾಗಿತ್ತು.

ಮಸೂತಿ ಊರಿನಿಂದ ಎಮ್ಮೆ ತುಪ್ಪ ಬಂತು. ನಾನು ಅಂಟು ಹುರಿಯಲು ಕೂತೆ. ಅಂಟು ತುಪ್ಪದಲ್ಲಿ ಅರಳಿದಾಗ ಬರುವ ವಾಸನೆ ಒಂದು ಓಣಿ ದಾಟಿ ಇನ್ನೊಂದು ಓಣಿಗೆ ಹೋಗುತ್ತದೆ. ಆ ವಾಸನೆ ಬಂದರೆ ಆ ಮನೆಯಲ್ಲಿ ಹೆರಿಗೆಯಾಗಿದೆ ಅಂತ ತಿಳಿಯಬೇಕು, ಬೇರೆ ಡಂಗುರ ಬೇಕಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಮೊದಲು ನನ್ನ ಹೊಟ್ಟೆ ನೋಡಿದರು. ನಾನು ಆಗ ರೊಟ್ಟಿ ಬಡಿಯುವ ಕಲ್ಲಿನಷ್ಟೇ ಚಪ್ಪಟೆ ಇದ್ದೆ. ಆಮೇಲೆ ನಮ್ಮ ಮನೆಯಲ್ಲಿರುವ ಇನ್ನೊಂದು ಹೆಣ್ಣು ಜೀವ ಯಾವುದು ಅಂತ ಲೆಕ್ಕ ಹಾಕಿದರು.

ಒಳಗೆ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಅತ್ತೆ ಬಾಣಂತಿಯಾಗಿ ಮಲಗಿದ್ದರು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಬೋಗುಣಿ, ಮೂಲೆಯಲ್ಲಿ ಲೋಬಾನದ ಹೊಗೆ. ಬಾಗಿಲಿಗೆ ಬೇವಿನ ತಪ್ಪಲು ಸಿಗಿಸು ಅಂದರು, ಸಿಗಿಸಿದೆ. ತಲೆದಿಂಬಿನ ಕೆಳಗೆ ಕುಡಗೋಲು ಇಡು ಅಂದರು.

"ಅದು ಕೂಸಿಗಿ ದೃಷ್ಟಿ ಆಗಬಾರದಂತ ಇಡೂದ್ರಿ ಅತ್ತಿ. ಇಲ್ಲಿ ಕೂಸೆಲ್ಲೈತಿ?"

"ನಿನಗ ಇಡಾಕೇನ ಸಂಕಟ?"

ಇಟ್ಟೆ. ಬೆಳಿಗ್ಗೆ ಎದ್ದು ಎಳ್ಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯಬೇಕು. ಸಬ್ಬಸಗಿ ಪಲ್ಯ, ಸಜ್ಜಿ ರೊಟ್ಟಿ, ಅಳವಿ ಪಾಯಸ. ಹೊತ್ತು ಹೊತ್ತಿಗೆ ಹಾಲಿನ ಜೊತೆ ಉಂಡಿ. ಮಜ್ಜಿಗೆ ಬೇಕೇ ಎಂದು ನಾನು ಕೇಳಿದರೆ ತಾವೇ ಬಾಯಿಗೆ ಕೈ ಅಡ್ಡ ಹಿಡಿದು "ಬಾಣಂತಿಗಿ ಥಂಡಿ ಆಗ್ತೈತಿ" ಅನ್ನುವರು. ನಾನು ಹಡೆಯದೆಯೇ ಬಾಣಂತನ ಮಾಡುವುದರಲ್ಲಿ ಪಳಗಿಬಿಟ್ಟೆ. ಬಿಸಿ ತಾಗಿದಾಗ ನೋವು ನಿಜಕ್ಕೂ ಸ್ವಲ್ಪ ಸಡಿಲವಾಗುತ್ತಿತ್ತು, ಅದು ಸುಳ್ಳಲ್ಲ. ಉಂಡಿ ಮಾತ್ರ ಕೀಲಿನ ದಾರಿ ಹಿಡಿಯದೆ ಸೊಂಟದ ಸುತ್ತ ಮನೆ ಮಾಡಿತು. ಕುಪ್ಪಸದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದವಳು ನಾನೇ. ಡಾಕ್ಟರು ಇಳಿಸಿರಿ ಅಂದದ್ದನ್ನು ನಾವು ತುಪ್ಪ ಹಾಕಿ ಏರಿಸುತ್ತಿದ್ದೆವು.

ಊರಿನ ಬಾಯಿ ಕಟ್ಟುವವರು ಯಾರು? ಮಾವನವರು ಪೇಟೆಗೆ ಹೋದರೆ ಕಾಳು ಮಾರುವ ಅಡತಿ ಅಂಗಡಿಯವರು ಗಾದಿಯಿಂದ ಎದ್ದು ಕೈ ಮುಗಿಯತೊಡಗಿದರು. ಕೆಲವರು ಮೆಲ್ಲಗೆ ಪಕ್ಕಕ್ಕೆ ಕರೆದು, ತಾವು ಏನು ತಿನ್ನುತ್ತೀರಿ ಅಂತ ವಿಚಾರಿಸಿದರಂತೆ. "ಅಕಿ ಮೊಣಕಾಲಿಗ್ರಿ" ಅಂತ ಇವರು ಹೇಳಿದರೆ ಅವರು ಕಣ್ಣು ಮಿಟುಕಿಸಿ "ಹೌದ್ರಿ, ಹೌದ್ರಿ" ಅನ್ನುವರು. ತಾಳಲಾರದೆ ಮಾವನವರು ಬಸ್ಸು ಹತ್ತಿ ಸಿಂದಗಿಯ ತಂಗಿಯ ಮನೆಗೆ ಹೋದರು. ಹೊಸ್ತಿಲು ದಾಟಿ ನೋಡಿದರೆ ತಂಗಿ ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿಯುತ್ತ ಕೂತಿದ್ದಳು. ತಲೆ ಎತ್ತಿ, "ಅಣ್ಣಾ, ಗಂಡೋ ಹೆಣ್ಣೋ?" ಎಂದಳು. ಮರುದಿನದ ಬಸ್ಸಿಗೇ ತಿರುಗಿ ಬಂದರು, ಕಂಕುಳಲ್ಲಿ ಕುಂಚಿಗೆ ಇತ್ತು. ಬೇಡ ಅಂದರೆ ತಂಗಿ ಅಳುತ್ತಾಳೆ ಅಂತ ಇಸಿದುಕೊಂಡಿದ್ದರು.

ಬೀಗತಿ ಬಂದದ್ದು ಇಂಥದ್ದೊಂದು ಮಧ್ಯಾಹ್ನ. ಹೇಳಿ ಕಳಿಸಿದ ದಿನಕ್ಕಿಂತ ಮೊದಲೇ ಬಂದರು, ಪರೀಕ್ಷೆಗೆ ಬರುವವರು ಹಾಗೆಯೇ. ಬಸ್ಸಿಳಿದು, ತುಂಬು ಬಸುರಿ ಸೊಸೆಯನ್ನು ಮುಂದೆ ಬಿಟ್ಟುಕೊಂಡು ನಮ್ಮ ಓಣಿಗೆ ತಿರುಗಿದರೆ ಎದುರು ಬಂದವರೆಲ್ಲ, "ಬಾಣಂತಿ ಮಾತಾಡಸಾಕ ಬಂದ್ರೇನ್ರಿ?" ಅಂತ ಕೇಳಿದ್ದಾರೆ. ಬೀಗತಿಗೆ ಮೈಯೆಲ್ಲ ಉರಿ. ಬೀಗರ ಸೊಸೆ, ಅಂದರೆ ನಾನು, ಹಡೆದಿದ್ದೇನೆ. ತಮಗೆ ಸುದ್ದಿಯಿಲ್ಲ, ಸಕ್ಕರೆಯಿಲ್ಲ! ಹಾಗಂತ ಬರಿಗೈಲಿ ಬಾಣಂತಿಯ ಮನೆಗೆ ಹೋಗುವಂತಿಲ್ಲ. ದಾರಿಯ ಅಂಗಡಿಯಲ್ಲೇ ಒಂದು ಕುಪ್ಪಸದ ಖಣ, ಎರಡು ಕೊಬ್ಬರಿ ಬಟ್ಟಲು ಕೊಂಡು, ಸಿಟ್ಟನ್ನೂ ಖಣವನ್ನೂ ಒಟ್ಟಿಗೆ ಹಿಡಿದುಕೊಂಡು ಬಂದಿದ್ದರು.

ನಾನು ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದೆ. ಬೀಗತಿ ಯಾರನ್ನೂ ಕೂಗದೆ, ಹೊಗೆ ಬಂದ ಕಡೆಗೆ ಸೀದಾ ನುಗ್ಗಿದರು. ಬಿಸಿಲಿನಿಂದ ಬಂದ ಕಣ್ಣಿಗೆ ಕೋಣೆಯಲ್ಲಿ ಏನೂ ಕಾಣಲಿಲ್ಲ. ಹೊರಸಿನ ಮೇಲೆ ತಲೆ ತುಂಬ ಬಟ್ಟೆ ಸುತ್ತಿಕೊಂಡ ಬಾಣಂತಿ ಗೊರಕೆ ಹೊಡೆಯುತ್ತಿದ್ದಾಳೆ. ಪಕ್ಕದಲ್ಲಿ ಮೊಣಕಾಲಿಗೆ ತಾಗಿಕೊಂಡು, ಅರಿವೆಯಲ್ಲಿ ಸುತ್ತಿದ ಪುಟ್ಟ ಗಂಟು. ಅದು ನಾನು ಸ್ವಲ್ಪ ಹೊತ್ತಿಗೆ ಮುಂಚೆ ಕಾಸಿ, ಸೀರೆಯ ತುಂಡಿನಲ್ಲಿ ಸುತ್ತಿ ಕಾವಿಗೆ ಇಟ್ಟು ಹೋದ ಇಟ್ಟಂಗಿ. ಕೂಸು ಕಂಡರೆ ಸಿಟ್ಟು ಇಳಿಯದ ಹೆಂಗಸು ಯಾರಿದ್ದಾರೆ? ಬೀಗತಿ ಖಣವನ್ನು ಗಂಟಿನ ಮೇಲಿಟ್ಟು, "ಥೇಟ್ ಅಜ್ಜನಂಗ ಐತಿ. ಎಷ್ಟ ಸುಮ್ಮನ ಮಲಗೇತಿ ನೋಡ" ಎಂದು ದೃಷ್ಟಿ ನೀವಾಳಿಸಿ, ಕೆನ್ನೆ ಇರಬೇಕಾದ ಜಾಗಕ್ಕೆ ಅಂಗೈ ಹಚ್ಚಿದರು.

ಆ ಕೂಗು ಹಿತ್ತಲಿಗಷ್ಟೇ ಅಲ್ಲ, ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು.

"ಯವ್ವೋ, ಕೂಸಿನ ಮೈ ಸುಡಾಕತ್ತೈತಿ! ಬೆಂಕಿ ಆಗೇತಿ! ಯಾರರ ಬರ್ರೋ!"

ನಾನು ಓಡಿ ಬಂದೆ, ಮಾವನವರು ಓಡಿ ಬಂದರು. ನಾದಿನಿ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಅತ್ತೆ ಎದ್ದು, ಕಿವಿಯ ಹತ್ತಿ ಕಿತ್ತು, ತಲೆಯ ಬಟ್ಟೆ ಸರಿಸಿ ನೋಡಿದರೆ ಎದುರಿಗೆ ಬೀಗತಿ.

"ನೀವ? ಹಡದಾಕಿ ನೀವ?" ಎಂದರು ಬೀಗತಿ.

"ಅದು ಇಟ್ಟಂಗಿ ಐತ್ರಿ ಬೀಗತಿ" ಎಂದರು ಅತ್ತೆ, ಬೇರೆ ಏನು ಹೇಳಬೇಕೆಂದು ತಿಳಿಯದೆ.

ಬೀಗತಿ ಇಟ್ಟಂಗಿ ನೋಡಿದರು, ಅತ್ತೆಯನ್ನು ನೋಡಿದರು, ತಲೆದಿಂಬಿನ ಕೆಳಗಿಂದ ಇಣುಕುತ್ತಿದ್ದ ಕುಡಗೋಲು ನೋಡಿದರು. ಧೊಪ್ ಎಂದು ನೆಲಕ್ಕೆ ಕೂತರು. ನೀರು ಕೊಟ್ಟೆ, ಕುಡಿದರು. ಎಲ್ಲ ವಿವರ ಹೇಳಿದೆ, ಕೇಳಿದರು. ಮೇಲೆ ಹೊರಸಿನ ತುದಿಗೆ ಕೂರಿರಿ ಅಂದೆ, ಬೇಡ ಅಂದರು. ಚಹಾ ಕುಡಿಯಲು ನಡುಮನೆಗೆ ಬನ್ನಿ ಅಂದೆ, ಇಲ್ಲೇ ಛಲೋ ಐತಿ ಅಂದರು. ಸಂಜೆಯಾಗುತ್ತ ಬಂತು, ಬೀಗತಿ ಕೂತಲ್ಲಿಂದ ಕದಲಲಿಲ್ಲ. ಹೊರಸಿನ ಮೇಲಿಂದ ಅವರನ್ನೇ ನೋಡುತ್ತಿದ್ದ ಅತ್ತೆಯ ಮುಖ ಮೆಲ್ಲಗೆ ಅರಳಿತು.

"ಬೀಗತಿ, ನಿಮಗೂ ಏಳಾಕ ಬರೂದಿಲ್ಲೇನ್ರಿ?"

ಬೀಗತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಮೊಣಕಾಲೂ ಹೋಗಿತ್ತು. ಊರಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಗೋಡೆ ಹಿಡಿದು ನಡೆಯುತ್ತಿದ್ದರಂತೆ. ಬಾಣಂತನ ತಮ್ಮಲ್ಲೇ ಆಗಲಿ ಅಂತ ಜಂಬದಿಂದ ಹೇಳಿ ಕಳಿಸಿ, ಬೀಗತಿ ಒಪ್ಪಿಬಿಟ್ಟರೆ ಏನು ಗತಿ ಅಂತ ನಿದ್ದೆ ಕೆಟ್ಟಿದ್ದರಂತೆ. ಇರಲಾರದೆ ಇರುವೆ ಬಿಟ್ಟುಕೊಂಡವರು ನಾವು ಮಾತ್ರ ಅಲ್ಲ ಅಂತ ತಿಳಿದು ನನಗೆ ಹಾಯೆನಿಸಿತು. ಅತ್ತೆ ಡಬ್ಬಿ ತೆಗೆದು ಒಂದು ಉಂಡಿ ಚಾಚಿದರು. "ತಿನ್ರಿ. ಹತ್ತತೈತಿ" ಎಂದರು.

ಒಂದು ದಿನ ಇದ್ದು ಹೋಗಲು ಬಂದಿದ್ದ ಬೀಗತಿ ಹೋಗಲಿಲ್ಲ. ಆ ಕೋಣೆಯಲ್ಲಿ ಇನ್ನೊಂದು ಹೊರಸು ಬಿತ್ತು, ಇನ್ನೊಂದು ಬೋಗುಣಿ ಕೆಂಡ ಬಂತು. ಎರಡು ತಲೆಗಳಿಗೂ ಬಟ್ಟೆ. ನಾನು ಮತ್ತೆ ಅಂಟು ಹುರಿದೆ, ಓಣಿಯವರು ಮತ್ತೆ ವಾಸನೆ ಹಿಡಿದರು. ಈ ಸಲ ಅವಳಿ ಅಂತ ಸುದ್ದಿಯಾಯಿತು. ಬಸುರಿ ನಾದಿನಿ ನನ್ನ ಪಕ್ಕದಲ್ಲಿ ಕೂತು ಕೊಬ್ಬರಿ ತುರಿಯುತ್ತ, "ವೈನಿ, ಹಡಿಯೂದು ನಾನು. ಉಂಡಿ ಇವರಿಬ್ಬರ ಹೊಟ್ಟಿಗಿ. ನನಗೇನರ ಉಳೀತಾವೋ ಇಲ್ಲೋ?" ಎನ್ನುವಳು. ಉಳಿಯಲಿಲ್ಲ.

ಕೂಸು ಹುಟ್ಟಿತು, ಹೆಣ್ಣು. ಈ ಸಲ ನಿಜವಾದ ಕೂಸು, ನಿಜವಾದ ಅಳು. ಸೂಲಗಿತ್ತಿ ಕೂಸನ್ನು ಕೈಯಲ್ಲಿ ಹಿಡಿದುಕೊಂಡು, "ಯಾರು ಎರೀತೀರಿ?" ಎಂದು ಕೇಳಿದಳು. ನಾನು ಎರೀತೇನಿ ಅಂತ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅತ್ತೆ ನನ್ನ ಮುಖ ನೋಡಲಿಲ್ಲ, ಬೀಗತಿಯ ಮುಖವನ್ನೂ ನೋಡಲಿಲ್ಲ. ತಲೆಯ ಬಟ್ಟೆ ಬಿಚ್ಚಿಟ್ಟು ಬಚ್ಚಲಿಗೆ ನಡೆದರು.

ಗೋಡೆ ಹಿಡಿದು ಬಗ್ಗಿದರು. ಮೊಣಕಾಲು ಕಟಕಟ ಅಂದದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು. ಅರ್ಧಕ್ಕೆ ನಿಂತರು, ಬೆವರು ಇಳಿಯಿತು. ಹಲ್ಲು ಕಚ್ಚಿ, ಒಮ್ಮೆಲೇ ಕೈ ಬಿಟ್ಟು ನೆಲಕ್ಕೆ ಬಿದ್ದರೋ ಕೂತರೋ ಹೇಳಲಾರೆ, ಅಂತೂ ಕೂತರು. ಕಾಲು ಚಾಚಿದರು. ಎಡಗಾಲು ಪೂರ್ತಿ ಚಾಚಲಿಲ್ಲ, ಕೆಳಗೆ ಅರಿವೆ ಮಡಿಸಿ ಇಟ್ಟೆ. ನೀರು ತಾನೇ ಹೊಯ್ಯುತ್ತೇನೆ ಅಂತ ಬೀಗತಿಯೂ ಬಂದು, ಹಂಡೆಯ ಪಕ್ಕ ಅದೇ ರೀತಿ ಕೂತರು. ಕೂಸು ಅತ್ತೆಯ ಕಾಲ ಮೇಲೆ ಬಂತು. ಆ ಕೈಗಳನ್ನು ಅವತ್ತು ನೋಡಬೇಕಿತ್ತು. ಹೊರಸಿನ ಮೇಲೆ ನರಳುತ್ತಿದ್ದ ಹೆಂಗಸು ಇವರೇನಾ ಅನಿಸಿತು. ಬೆನ್ನು ನೀವಿದರು, ಹಣೆ ತಟ್ಟಿದರು, ಹೆಬ್ಬೆರಳಿನಿಂದ ಆ ಚೂರು ಮೂಗನ್ನು ಎಷ್ಟು ಮೆಲ್ಲಗೆ ಎತ್ತಿದರೆಂದರೆ ಅಳುತ್ತಿದ್ದ ಕೂಸು ಅಳು ಮರೆತು ಅವರನ್ನೇ ನೋಡಿತು. ಬೀಗತಿ ತಂಬಿಗೆ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ಕೂಸನ್ನು ಒರೆಸಿ, ಸಿಂದಗಿಯ ಕುಂಚಿಗೆ ಹಾಕಿ ನಾದಿನಿಯ ಮಗ್ಗುಲಲ್ಲಿ ಮಲಗಿಸಿ ತಿರುಗಿ ಬಂದೆ. ಇಬ್ಬರೂ ಬಚ್ಚಲಲ್ಲೇ ಕೂತಿದ್ದರು. ಒದ್ದೆ ಸೀರೆ, ಆರಿದ ಒಲೆ. ಏಳುವ ಮಾತು ಇಬ್ಬರ ಬಾಯಲ್ಲೂ ಇಲ್ಲ, ಜೋಳದ ಧಾರಣಿಯ ಮಾತು ನಡೆದಿತ್ತು. ಒಬ್ಬರು ಮೊದಲು ಏಳಲಿ ಅಂತ ಇನ್ನೊಬ್ಬರು ಕಾಯುತ್ತಿದ್ದರು. ನಗು ಬಂತು, ತಡೆದುಕೊಂಡೆ. ಅತ್ತೆ "ನನ್ನ ಸೆರಗ ಹಿಂಡು ಬಾ" ಎಂದು ಕರೆದರು. ನಾನು ಬಗ್ಗಿದೆ. ಅವರು ಎರಡೂ ಕೈಗಳನ್ನು ನನ್ನ ಕೊರಳಿಗೆ ಹಾಕಿದರು. ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ಹಾಗೆ ಹಿಡಿದದ್ದು ಅದೇ ಮೊದಲು. ಮೈ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು, ಬೀಗತಿಗೆ ಕೇಳಿಸದ ಹಾಗೆ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು.

"ಉಂಡಿ ಹತ್ತಲಿಲ್ಲವ್ವಾ ನನಗ. ನಾಳಿಗೂ ಕುಂದರತೇನಿ. ನೀ ಎಬ್ಬಸ್ತೀಯಲ್ಲ?"

"ಎಬ್ಬಸ್ತೇನ್ರಿ ಅತ್ತಿ" ಎಂದೆ, ಮತ್ತು ಎತ್ತಿದೆ.